ಹೊರಟ ಕಲ್ಲಿಗೆ ಬಂದರೆ ನಿಲ್ಲು

ಮಧುಗಿರಿ
೩–೮–೧೯೮೬

ಮಗಳು ಗಿರಿಯಮ್ಮನಿಗೆ,

ಅಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು, ಉತ್ತರ ತಡವಾದದ್ದಕ್ಕೆ ಮುನಿಸಿಕೊಳ್ಳಬೇಡ. ಮೊದಲ ವಾರ ಕನ್ನಡಕದ ಕಡ್ಡಿ ಮುರಿದು ಅಡವಯ್ಯನ ಅಂಗಡಿಯಲ್ಲಿ ಬಿದ್ದಿತ್ತು. ಎರಡನೇ ವಾರ ಬರೀ ಸೋಮಾರಿತನ. ಗಂಟೆ ಹೊಡೆಯುವವರು ಇಲ್ಲದಿದ್ದರೆ ರಿಟೈರಾದ ಮೇಷ್ಟ್ರಿಗೆ ಯಾವ ಪೀರಿಯಡ್ಡೂ ಶುರುವಾಗುವುದಿಲ್ಲ. ನಿಮ್ಮಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಚುರುಕಾಗಿದೆ. ಬರಗೂರಿನ ನೀರಿಗೆ ಕೂದಲು ಉದುರುತ್ತದೆ ಎಂದು ಬರೆದಿದ್ದೆಯಲ್ಲ, ಅದಕ್ಕೆ ಹರಳೆಣ್ಣೆ ಕಾಯಿಸಿಟ್ಟಿದ್ದಾಳೆ. ಶಿರಾ ಕಡೆ ಹೋಗುವವರು ಸಿಕ್ಕರೆ ಕೊಟ್ಟು ಕಳಿಸುತ್ತೇವೆ.

ಈಗ ವಿಷಯಕ್ಕೆ ಬರುತ್ತೇನೆ. ಗಣಿತ ಕಲಿಸುವವರಿಗೆ ತುಮಕೂರಿನಲ್ಲಿ ಹತ್ತು ದಿನ ಕಂಪ್ಯೂಟರ್ ತರಬೇತಿ ಇದೆಯೆಂದು, ನಿಮ್ಮ ಹೆಡ್‌ಮಾಸ್ಟರ್ ಸಣ್ಣರಂಗಯ್ಯನವರು ನಿನ್ನ ಹೆಸರು ಕಳಿಸುತ್ತೇನೆಂದರೂ ನೀನು ಒಲ್ಲೆನೆಂದೆಯೆಂದು ಓದಿದೆ. ನನಗೆ ಕನ್ನಡ ಪಾಠವೇ ಸಾಕು, ಗಣಿತದಲ್ಲಿ ಒಂದು ಸಾಲು ಮರೆತು ಒಬ್ಬಳ ಜೀವಕ್ಕೆ ಕುತ್ತು ತಂದವಳು ನಾನು ಎಂದು ಬರೆದಿದ್ದೀಯ. ಸ್ಟಾಫ್ ರೂಮಿನಲ್ಲಿ ಸಣ್ಣರಂಗಯ್ಯನವರು ಎಲ್ಲರೆದುರಿಗೆ, ಆ ಸಾಲು ಮರೆತ ಹುಡುಗಿ ನೀನೇ ಅಲ್ಲವೇ ಎಂದು ನಗುತ್ತಾ ಕೇಳಿದರಂತೆ. ತಮಾಷೆಯ ಮನುಷ್ಯ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಗಿರಿ, ಈ ಅವಕಾಶ ಬಿಡಬೇಡ. ನನ್ನ ಕಾಲದಲ್ಲಿ ಕಂಪ್ಯೂಟರನ್ನು ಗಾಜಿನ ಆಚೆ ನಿಲ್ಲಿಸಿ ತೋರಿಸುತ್ತಿದ್ದರು, ಮುಟ್ಟಲು ಬಿಡುತ್ತಿರಲಿಲ್ಲ. ನಿನಗೆ ಮುಂದೆ ಕೂರಿಸಿ ಕಲಿಸುತ್ತಾರೆ. ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದಾದ ಮೇಲೊಂದು ಹೇಳುವ ಕೈ ನಿನಗೆ ಚಿಕ್ಕಂದಿನಿಂದ ಇತ್ತು. ಒಪ್ಪಿಗೆ ಬರೆದುಕೊಡಲು ಈ ತಿಂಗಳ ಮೂವತ್ತರವರೆಗೆ ಸಮಯವಿದೆಯಲ್ಲ, ಯೋಚನೆ ಮಾಡು. ಇನ್‌ಲ್ಯಾಂಡ್ ಮುಗಿಯುತ್ತಾ ಬಂತು. ವೇಳೆಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ
ಓಬಳಪ್ಪ

ವಿ. ಸೂ.: ಕಾಟಮ್ಮನ ವಿಷಯದಲ್ಲಿ ನೀನು ಇನ್ನೂ ಕೊರಗಬೇಕಾಗಿಲ್ಲ. ಆಗ ನಿನಗೆ ಹತ್ತು ವರ್ಷ, ಮಕ್ಕಳು ತಪ್ಪು ಮಾಡುತ್ತಾರೆ. ಆ ತಪ್ಪನ್ನು ನಾನು ಎಂದೋ ಕ್ಷಮಿಸಿದ್ದೇನೆ.


ಮಧುಗಿರಿ
೨೧–೮–೧೯೮೬

ಗಿರಿ, ನನ್ನ ತಾಯಿ,

ಆಶೀರ್ವಾದ ಎಂದು ಶುರು ಮಾಡಲು ಈ ಸಲ ಕೈ ಬರುತ್ತಿಲ್ಲ. ನಿನ್ನ ಉತ್ತರ ಹನ್ನೆರಡನೇ ತಾರೀಖಿಗೇ ಬಂತು. ಒಂಬತ್ತು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೇನೆ. ಈ ಸಲದ ತಡಕ್ಕೆ ಕನ್ನಡಕದ ನೆಪವೂ ಇಲ್ಲ. ನಾಚಿಕೆಯಾಗಿ ಬರೆಯಲಿಲ್ಲ.

ನೀನು ಬರೆದದ್ದು ನಾಲ್ಕೇ ಸಾಲು. ಅಪ್ಪ, ನೀವು ಕ್ಷಮಿಸಿದ್ದೇನೆ ಎಂದು ಬರೆದದ್ದನ್ನು ಮೂರು ಸಲ ಓದಿದೆ, ಹನ್ನೊಂದು ವರ್ಷದಿಂದ ಆ ಮಾತಿಗೆ ಕಾಯುತ್ತಿದ್ದೆ, ಅಷ್ಟು ಸಾಕು, ಆದರೆ ತರಬೇತಿಗೆ ಮಾತ್ರ ನನ್ನನ್ನು ಕಳಿಸಬೇಡಿ ಅಂತ. ಅದನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಂಥ ತಪ್ಪು ಮಾಡಿದ್ದರೂ ಮಗಳಿಗೆ ಒಂದೇಟು ಹೊಡೆಯಲಿಲ್ಲ ನೀವು, ಪುಣ್ಯಾತ್ಮರು ಎಂದಳು. ತಟ್ಟೆಯಲ್ಲಿದ್ದ ಮುದ್ದೆ ಹಾಗೇ ಉಳಿಯಿತು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಎದ್ದೆ.

ಆ ತಪ್ಪು ನಿನ್ನದಲ್ಲ ಗಿರಿ. ನೀನು ಯಾವ ಸಾಲನ್ನೂ ಮರೆತಿರಲಿಲ್ಲ. ಬರೆದಿದ್ದೆ. ಅಳಿಸಿದವನು ನಾನು.

ಇದನ್ನು ಬರೆದು ಪೆನ್ನು ಕೆಳಗಿಟ್ಟು, ಎದ್ದು ಹೋಗಿ ನೀರು ಕುಡಿದು ಬಂದೆ. ಈಗ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದೆ, ಆದರೆ ನಾನು ತಿದ್ದಿ ತಿದ್ದಿ ಹೇಳಿಕೊಟ್ಟ ರೀತಿಯಲ್ಲಿ ಗೊತ್ತಿದೆ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನನ್ನನ್ನು ಬೆಂಗಳೂರಿಗೆ ಒಂದು ತಿಂಗಳ ಗಣಿತ ಶಿಬಿರಕ್ಕೆ ಕಳಿಸಿದ್ದರು. ಅಲ್ಲಿ ಒಬ್ಬ ವಯಸ್ಸಾದ ಲೆಕ್ಚರರು ಕಂಪ್ಯೂಟರ್ ತೋರಿಸುತ್ತಾ ಹೇಳಿದ ಒಂದು ಮಾತು ನನ್ನ ತಲೆ ಕೆಡಿಸಿತು. ಯಂತ್ರಕ್ಕೆ ಬುದ್ಧಿಯಿಲ್ಲ, ಹೇಳುವವನಿಗೆ ಬುದ್ಧಿ ಇರಬೇಕು, ಏನೂ ತಿಳಿಯದವನಿಗೆ ಹೇಳಿ ಮಾಡಿಸಬಲ್ಲೆಯಾದರೆ ಮಾತ್ರ ಆ ಲೆಕ್ಕ ನಿನಗೆ ಬಂದಿದೆ ಎಂದರ್ಥ ಎಂದರು. ಪುರವರದಿಂದ ಆಚೆ ಇದ್ದ ನಮ್ಮ ಹಟ್ಟಿ ಶಾಲೆಯಲ್ಲಿ ಯಂತ್ರವನ್ನು ಎಲ್ಲಿಂದ ತರಲಿ? ಐದನೇ ಕ್ಲಾಸಿನ ಮಕ್ಕಳಲ್ಲೇ ಒಬ್ಬರನ್ನು ಯಂತ್ರ ಮಾಡಿದೆ. ಉಳಿದವರು ಲೆಕ್ಕ ಮಾಡುವ ಬಗೆಯನ್ನು ಸಾಲು ಸಾಲಾಗಿ ಹಲಗೆಯ ಮೇಲೆ ಬರೆಯಬೇಕು, ಯಂತ್ರ ಅಷ್ಟನ್ನೇ ಮಾಡಬೇಕು, ಸ್ವಂತ ಬುದ್ಧಿ ಓಡಿಸಿದರೆ ಔಟು. ಅದಕ್ಕೆ ಯಂತ್ರದಾಟ ಎಂದು ಹೆಸರಿಟ್ಟವಳು ನೀನೇ.

ಮೊದಲ ದಿನ ನೆನಪಿದೆಯೇ? ನಲವತ್ತೆರಡರಲ್ಲಿ ಹದಿನೇಳು ಕಳೆಯುವ ಲೆಕ್ಕ. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ತಾ ಎಂದು ನೀವೆಲ್ಲ ಬರೆದಿರಿ. ಯಂತ್ರವಾಗಿದ್ದ ಕಾಟಮ್ಮ ಎದ್ದು ಸೀದಾ ಹೊರಗೆ ಹೋದಳು. ಶಾಲೆಯ ಪಕ್ಕದ ಕರಿಬಸಮ್ಮನ ಮನೆಯಿಂದ ಒಂದು ಬದನೆಕಾಯಿ ತಂದು ನನ್ನ ಮೇಜಿನ ಮೇಲಿಟ್ಟಳು. ಇದೇನೇ ಎಂದರೆ, "ಪಕ್ಕದ್ ಮನೆಯಿಂದ ಒಂದ್ ತಾ ಅಂತ ಬರ್ದವ್ರೆ ಸಾ. ಏನು ಅಂತ ಬರ್ದಿಲ್ಲ" ಎಂದಳು. ನಾನು ನಕ್ಕು ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಕ್ಕದ ಮನೆ ಎಂದು ಹೇಳಿಕೊಡುತ್ತಾ ಬಂದವನಿಗೆ, ಹತ್ತರ ಮನೆಯಿಂದ ತಂದದ್ದು ಒಂದಲ್ಲ ಹತ್ತು ಎಂಬುದನ್ನು ಆ ಬದನೆಕಾಯಿ ಕಲಿಸಿತು. ಆ ವಾರವೇ ಇಡೀ ಕ್ಲಾಸಿಗೆ ಕಳೆಯುವ ಲೆಕ್ಕ ಸರಿಹೋಯಿತು.

ಕಾಟಮ್ಮ ದಡ್ಡಿ, ಅದಕ್ಕೇ ಒಳ್ಳೆಯ ಯಂತ್ರವಾದಳು ಎಂದು ಆಮೇಲೆ ಎಲ್ಲ ಕಡೆ ಹೇಳಿದೆ. ನೀನೂ ಅದನ್ನೇ ನಂಬಿದ್ದೀಯ. ಅದು ಸುಳ್ಳು. ಕುರಿ ಕಾಯುವ ಯತ್ತಪ್ಪನ ಆ ಮಗಳು ನಿಮ್ಮೆಲ್ಲರಿಗಿಂತ ಚೂಟಿ. ಏನು ಬರೆದಿದೆ, ಏನು ಬರೆದಿಲ್ಲ ಎಂಬುದು ಅವಳಿಗೆ ಒಂದೇ ನೋಟಕ್ಕೆ ಕಾಣುತ್ತಿತ್ತು. ಬೇಕೆಂದೇ ನಮ್ಮನ್ನು ಸಿಕ್ಕಿಸಿ ಹಾಕುತ್ತಿದ್ದಳು. ಅವಳೂ ನೀನೂ ಒಂದೇ ಹಲಗೆಯ ಈ ಕಡೆ ಆ ಕಡೆ ನಿಂತು ಆಡುತ್ತಿದ್ದರೆ ನನಗೆ ಹೊಟ್ಟೆ ತುಂಬುತ್ತಿತ್ತು.

ಎಪ್ಪತ್ತೈದರ ಮಾರ್ಚಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆಂದಾಗ, ಬಯಲಲ್ಲಿ ಆಡುವ ಲೆಕ್ಕವನ್ನೇ ತೋರಿಸಬೇಕೆಂದು ನಿಶ್ಚಯ ಮಾಡಿದೆ. ಶಾಲೆಯ ಬಯಲಿನ ಸುತ್ತಳತೆಯನ್ನು ಹೆಜ್ಜೆಯಲ್ಲಿ ಕಂಡುಹಿಡಿಯುವುದು. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಒಂದು ಕಲ್ಲಿನಿಂದ ಹೊರಡು, ಮುಂದಿನ ಕಲ್ಲಿನವರೆಗೆ ಹೆಜ್ಜೆ ಎಣಿಸು, ಸ್ಲೇಟಿನಲ್ಲಿ ಹಿಂದಿನದಕ್ಕೆ ಕೂಡಿಸು, ಬಲಕ್ಕೆ ತಿರುಗು, ಮತ್ತೆ ಹೀಗೇ ಮಾಡು. ಸಾಲುಗಳನ್ನು ಬರೆಯುವ ಕೆಲಸ ನಿನಗೆ ಕೊಟ್ಟೆ. ನಿಲ್ಲುವುದನ್ನು ಕೊನೆಯಲ್ಲಿ ಬರಿ ಎಂದು ನಾನು ಹೇಳಿದ್ದೆ. ನೀನು ಒಪ್ಪಲಿಲ್ಲ. ನಡೆಯುತ್ತಾ ಹೋದವರು ಕೊನೆಯ ಸಾಲನ್ನು ಯಾವಾಗ ಓದಬೇಕು, ನಿಲ್ಲುವುದು ಯಾವಾಗ ಎಂದು ಮೊದಲೇ ಹೇಳಿ ಆಮೇಲೆ ನಡೆ ಅನ್ನಬೇಕು ಎಂದು ವಾದ ಮಾಡಿದೆ. ಒಂದನೇ ಸಾಲಿಗಿಂತ ಮೇಲೆ, ಅಂಕಿ ಹಾಕದೆ, ದಪ್ಪ ಅಕ್ಷರದಲ್ಲಿ ಬರೆದೆ: ಹೊರಟ ಕಲ್ಲಿಗೆ ಬಂದರೆ ನಿಲ್ಲು. ಬೆಂಗಳೂರಿನ ಲೆಕ್ಚರರು ನೋಡಿದ್ದರೆ ನಿನ್ನ ಬೆನ್ನು ತಟ್ಟುತ್ತಿದ್ದರು. ನಾನು ತಟ್ಟಲಿಲ್ಲ.

ಸಾಹೇಬರು ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆ ಬಂದರು. ಹಲಗೆಯನ್ನು ಜಗಲಿಗೆ ತಂದು ಗೋಡೆಗೆ ಒರಗಿಸಿದ್ದೆವು. ನೀನು ಆಗ ಬಯಲಿನಲ್ಲಿ ಹೊರಟ ಕಲ್ಲಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದೆ. ಹೆಡ್‌ಮಾಸ್ಟರ್ ಬೈಲಪ್ಪನವರು ಓಡಿಬಂದು, ಸುಸ್ವಾಗತ ಅಂತ ಬರೆದೇ ಇಲ್ಲವಲ್ಲ ಮೇಷ್ಟ್ರೇ, ಮಾನ ಹೋಗುತ್ತೆ ಎಂದರು. ಹಲಗೆಯಲ್ಲಿ ಜಾಗವಿರಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮೇಲಿನ ಒಂದು ಸಾಲು ಒರೆಸಿ, ಅಲ್ಲಿ ಗುಲಾಬಿ ಸೀಮೆಸುಣ್ಣದಲ್ಲಿ ಸುಸ್ವಾಗತ ಎಂದು ಬರೆದೆ. ಯಾವ ಸಾಲು ಒರೆಸುತ್ತಿದ್ದೇನೆ ಎಂದು ನೋಡಲಿಲ್ಲ, ಅಷ್ಟು ಅವಸರ. ಕಾಟಮ್ಮ ಬಂದು ಹಲಗೆ ಓದಿ, ಸ್ಲೇಟು ಹಿಡಿದು ಸುಮ್ಮನೆ ಹೊರಟಳು.

ಅವಳು ಎರಡನೇ ಮೂಲೆ ತಿರುಗುವ ಹೊತ್ತಿಗೇ ಸಾಹೇಬರಿಗೆ ಮೆಚ್ಚಿಗೆಯಾಗಿತ್ತು. ಆಮೇಲೆ ಬಂದು ಮೊತ್ತ ಕೇಳೋಣ ಎಂದರು. ಬೈಲಪ್ಪನವರು ಅವರನ್ನು ಆಫೀಸ್ ರೂಮಿಗೆ ಉಪ್ಪಿಟ್ಟಿಗೆ ಕರೆದರು, ನಾನೂ ಹಿಂದೆ ಹೋದೆ. ಶನಿವಾರದ ಬೆಳಗಿನ ಶಾಲೆ, ಹನ್ನೊಂದೂವರೆಗೆ ಉಳಿದ ಮಕ್ಕಳನ್ನು ಮನೆಗೆ ಬಿಟ್ಟರು. ಸಾಹೇಬರು ಭೇಟಿ ಪುಸ್ತಕದಲ್ಲಿ ಗಣಿತ ಬೋಧನೆಯಲ್ಲಿ ಹೊಸ ಹಾದಿ ಎಂದು ನನ್ನ ಹೆಸರು ಸೇರಿಸಿ ಬರೆದರು. ಮುಂದಿನ ವರ್ಷ ತುಮಕೂರಿನಲ್ಲಿ ಬೇರೆ ಮೇಷ್ಟ್ರುಗಳಿಗೂ ಇದನ್ನು ತೋರಿಸಬೇಕು ಎಂದರು. ಆ ಮಾತು ಕೇಳುತ್ತಾ ಕೇಳುತ್ತಾ ನಾನು ಬಯಲಿನಲ್ಲಿ ಒಬ್ಬಳನ್ನು ಬಿಟ್ಟು ಬಂದಿದ್ದೇನೆ ಎಂಬುದೇ ಮರೆತುಹೋಯಿತು.

ನೀನು ಎರಡು ಸಲ ಬಾಗಿಲಿಗೆ ಬಂದೆ. ಮೊದಲ ಸಲ ಕಣ್ಣಲ್ಲೇ ಗದರಿಸಿದೆ. ಎರಡನೇ ಸಲ ಹೋಗಮ್ಮ, ದೊಡ್ಡವರು ಮಾತಾಡುತ್ತಿದ್ದಾರೆ ಎಂದೆ. ನೀನು ಅವಳ ಕೈ ಹಿಡಿದು ಎಳೆದಿದ್ದೆಯಂತೆ. "ಸಾ ಹೇಳ್ದಂಗೆ ಮಾಡ್ತಿವ್ನಿ, ಬುಡು" ಎಂದು ಕಿತ್ತುಕೊಂಡಳಂತೆ. ಮೂರನೇ ಸಲ ನೀನು ಬಾಗಿಲಿನಲ್ಲಿ ನಿಲ್ಲಲಿಲ್ಲ, ಒಳಗೇ ಬಂದು ಅವಳು ಬಿದ್ದುಹೋದಳು ಎಂದೆ. ಆಗ ಒಂದೂವರೆ. ಬರಿಗಾಲಿನಲ್ಲಿ ಎರಡು ಗಂಟೆಗೂ ಮೇಲೆ ಆ ಬಿಸಿಲಿನಲ್ಲಿ ಸುತ್ತಿದ್ದಳು. ಸ್ಲೇಟಿನ ಎರಡೂ ಮಗ್ಗುಲು ತುಂಬಿ, ಆಮೇಲೆ ಅಂಗೈ ಮೇಲೆ ಬರೆದುಕೊಂಡಿದ್ದಳು. ಕೂಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಎತ್ತಿನ ಗಾಡಿಯಲ್ಲಿ ಪುರವರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾಲ್ಕು ದಿನ ಅವಳಿಗೆ ನೆಟ್ಟಗೆ ಪ್ರಜ್ಞೆ ಇರಲಿಲ್ಲ. ಅಂಗಾಲಿನ ಬೊಬ್ಬೆ ಮಾಯಲು ತಿಂಗಳು ಹಿಡಿಯಿತು. ಅವಳ ತಾಯಿ ಕ್ಯಾತಮ್ಮ ನನ್ನನ್ನು ಬೈಯಲೂ ಇಲ್ಲ. "ಗಾಣಕ್ಕೆ ಎತ್ತು ಕಟ್ದಂಗೆ ನಮ್ ಕೂಸ್ನ ಕಟ್ಬುಟ್ರಲ್ಲ ಸಾಮಿ" ಎಂದಷ್ಟೇ ಹೇಳಿ ಮುಖ ತಿರುಗಿಸಿದಳು. ಯತ್ತಪ್ಪ ಮತ್ತೆ ಮಗಳನ್ನು ಶಾಲೆಗೆ ಕಳಿಸಲಿಲ್ಲ, ಕುರಿಯ ಹಿಂದೆ ಕಳಿಸಿದ. ನಾನು ಒಂದು ಸಲ ಮಾತ್ರ ಅವರ ಮನೆಗೆ ಹೋಗಿ ಅಂಗಳದಿಂದಲೇ ಹಿಂದಿರುಗಿದೆ.

ಆ ಶನಿವಾರ, ಗಾಡಿ ಕಟ್ಟುವ ಗಡಿಬಿಡಿಯಲ್ಲೇ, ಹೀಗೇಕಾಯಿತು ಎಂದು ಸಾಹೇಬರು ಕೇಳಿದರು. ನನ್ನ ಕಣ್ಣು ಹಲಗೆಯ ಮೇಲೆ ಹೋಯಿತು, ಅಲ್ಲಿ ಗುಲಾಬಿ ಬಣ್ಣದ ನನ್ನದೇ ಅಕ್ಷರ ಇತ್ತು. ಸಾಲು ಬರೆದವಳು ನನ್ನ ಮಗಳು ಸಾರ್, ಮಗು, ನಿಲ್ಲುವುದನ್ನು ಬರೆಯಲು ಮರೆತಿದ್ದಾಳೆ ಎಂದೆ. ನೀನು ಅಲ್ಲೇ ಇದ್ದೆ. "ಬರ್ದಿದ್ದೆ ಅನ್ಸುತ್ತೆ ಸಾ" ಎಂದೆ. ಶಾಲೆಯಲ್ಲಿ ನೀನೂ ನನ್ನನ್ನು ಸಾ ಎಂದೇ ಕರೆಯುತ್ತಿದ್ದೆ. "ಅನ್ಸೋದು ಬೇಡ, ಹಲಗೆ ನೋಡು" ಎಂದೆ ನಾನು. ನೀನು ನೋಡಿದೆ. ಇರಲಿಲ್ಲ. ಅಪ್ಪ ಅಳಿಸಿರಬಹುದು ಎಂಬ ಯೋಚನೆ ಹತ್ತು ವರ್ಷದ ಮಗುವಿಗೆ ಬರುವುದಿಲ್ಲ. ತಪ್ಪಾಯಿತು ಎಂದು ಅಳುತ್ತಾ ಸಾಹೇಬರ ಕಾಲು ಮುಟ್ಟಿದೆ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು.

ಬಿಡಲಿಲ್ಲ. ಅಲ್ಲಿಗೇ ಮುಗಿದಿದ್ದರೂ ಒಂದು ಮಾತಾಗಿತ್ತು. ಮುಂದಿನ ವರ್ಷ ತುಮಕೂರಿನಲ್ಲಿ, ಆಮೇಲೆ ಕೊರಟಗೆರೆ, ಪಾವಗಡಗಳಲ್ಲಿ ಮೇಷ್ಟ್ರುಗಳಿಗೆ ಯಂತ್ರದಾಟ ತೋರಿಸುವಾಗೆಲ್ಲ ಈ ಕಥೆಯನ್ನೇ ಪಾಠ ಮಾಡಿದೆ. ನಿಲ್ಲುವ ಸಾಲನ್ನು ಮರೆತರೆ ಏನಾಗುತ್ತದೆ ನೋಡಿ, ನನ್ನ ಮಗಳೇ ಮರೆತಿದ್ದಳು ಎಂದು ಹೇಳುತ್ತಿದ್ದೆ. ಸ್ವಂತ ಮಗಳ ತಪ್ಪನ್ನೂ ಮುಚ್ಚಿಡದ ಮನುಷ್ಯ ಎಂದು ಮೇಷ್ಟ್ರುಗಳು ನನ್ನನ್ನು ಹೊಗಳಿದರು. ಸಣ್ಣರಂಗಯ್ಯನವರು ಈ ಕಥೆ ಕೇಳಿದ್ದು ಅಂಥದೇ ಒಂದು ಸಭೆಯಲ್ಲಿ. ಅವರು ನಿನ್ನ ಎದುರು ನಕ್ಕರೆ, ಆ ನಗೆಯನ್ನು ಅವರ ಬಾಯಿಗೆ ಇಟ್ಟವನು ನಾನು.

ಆ ವರ್ಷದಿಂದ ನೀನು ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೀಯ. ಕಾಗದ ಬರೆದರೆ ಪ್ರತಿ ಸಾಲಿನ ಕೆಳಗೂ ಪೆನ್ಸಿಲಿನ ಚುಕ್ಕೆ ಇರುತ್ತದೆ, ಓದಿ ನೋಡಿದ ಗುರುತು. ನಿಮ್ಮಮ್ಮ ಅದನ್ನು ಹಾಸ್ಯ ಮಾಡುತ್ತಾಳೆ, ನಾನೂ ಜೊತೆಗೆ ನಗುತ್ತಿದ್ದೆ. ಗಣಿತದಲ್ಲಿ ಕ್ಲಾಸಿಗೇ ಮೊದಲಿದ್ದವಳು ಏಳನೇ ತರಗತಿಯಲ್ಲಿ ಲೆಕ್ಕದ ಪರೀಕ್ಷೆಯ ದಿನ ಜ್ವರ ಬರಿಸಿಕೊಂಡೆ. ಪಿಯುಸಿಯಲ್ಲಿ ಆರ್ಟ್ಸ್ ತಗೊಂಡಾಗ, ಹೆಣ್ಣುಮಕ್ಕಳಿಗೆ ಅದೇ ಸರಿ ಎಂದು ರುಜು ಹಾಕಿದೆ. ಪ್ರತಿ ಸಲವೂ ನನಗೆ ಕಾರಣ ಗೊತ್ತಿತ್ತು. ಇಷ್ಟಾದ ಮೇಲೆ ಈ ತಿಂಗಳ ಮೂರನೇ ತಾರೀಖು ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ನನ್ನ ಕೈ ಹೇಗೆ ಬಂತೋ ತಿಳಿಯದು. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ.

ಬೆಳಿಗ್ಗೆ ನಿಮ್ಮಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೀನ್ಸ್ ಹೆಚ್ಚುತ್ತಿದ್ದವಳು ಈಳಿಗೆಮಣೆಯಿಂದ ತಲೆಯೆತ್ತಲಿಲ್ಲ. "ನನ್ತಾವ್ ಯಾಕೆ ಹೇಳ್ತೀರ, ಅವಳ್ತಾವ ಹೇಳಿ" ಎಂದಳು.

ಇದರ ಜೊತೆ ಸಣ್ಣರಂಗಯ್ಯನವರಿಗೆ ಬರೆದ ಇನ್ನೊಂದು ಕಾಗದವಿದೆ. ಅಂಟಿಸಿಲ್ಲ. ಸಾಲನ್ನು ಅಳಿಸಿದ್ದು ನಾನು ಎಂದು ಅದರಲ್ಲಿ ಬರೆದಿದ್ದೇನೆ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ ಓದಬೇಕೆಂದು ಕೇಳಿದ್ದೇನೆ. ನೀನು ಓದಿ ನೋಡು. ಕೊಡಬೇಕೆನಿಸಿದರೆ ಕೊಡು, ಹರಿಯಬೇಕೆನಿಸಿದರೆ ಹರಿ. ತರಬೇತಿಗೆ ಹೋಗು ಎಂದು ಈಗ ಹೇಳುವ ಮುಖ ನನಗಿಲ್ಲ. ಆದರೆ ಹೋಗದಿರಲು ನಿನಗಿದ್ದ ಕಾರಣ ನಿಜವಾಗಿರಲಿಲ್ಲ. ಮೂವತ್ತನೇ ತಾರೀಖಿನ ಒಳಗೆ ನಿನಗೆ ಅದು ಗೊತ್ತಾಗಬೇಕು ಎಂದು ನಾಳೆಯ ಮೊದಲ ಟಪಾಲಿಗೆ ಹಾಕುತ್ತಿದ್ದೇನೆ.

ನೀನು ಎಲ್ಲಿದ್ದರೂ ನಿನ್ನ ಕೈಯಲ್ಲಿ ಕಲಿತ ಮಕ್ಕಳು ನಿನ್ನನ್ನು ನಂಬಲಿ, ನೀನೂ ಅವರನ್ನು ನಂಬು. ಅಪ್ಪನ ಬಾಯಿಂದ ಬಂದ ಈ ಹಾರೈಕೆ ನಿನಗೆ ಬೇಡವಾದರೆ ನಿಮ್ಮಮ್ಮನದೆಂದು ತಿಳಿದುಕೋ.

ಓಬಳಪ್ಪ

ವಿ. ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಕಾಟಮ್ಮ ಹಲಗೆ ಓದಿ ಸುಮ್ಮನೆ ಹೊರಟಳು ಎಂದು ಮೇಲೆ ಬರೆದಿದ್ದೇನೆ. ಅವಳು ಸುಮ್ಮನೆ ಹೊರಡಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, "ಗಿರಿಯಮ್ಮ ಬರ್ದಿದ್ದ ಮ್ಯಾಗ್ಳು ಸಾಲು ಇಲ್ವಲ್ಲ ಸಾ. ಹೊಂಟಿದ್ ಕಲ್ತಾವ ಬಂದ್ರೆ ನಿಂತ್ಕಳ್ಳೋದೊ, ಬ್ಯಾಡ್ವೊ?" ಎಂದು ಕೇಳಿದಳು. ಸಾಹೇಬರು ಪಕ್ಕದಲ್ಲೇ ಇದ್ದರು. ಅವರ ಮುಂದೆ ತಪ್ಪು ಒಪ್ಪಿಕೊಳ್ಳಲಾರದೆ, "ಯಂತ್ರ ಪ್ರಶ್ನೆ ಕೇಳೋದಿಲ್ಲ ಕಣಮ್ಮ, ಹಲಗೆ ಮೇಲಿದ್ದಷ್ಟೇ ಮಾಡುತ್ತೆ" ಎಂದೆ. ಸಾಹೇಬರು ಜೋರಾಗಿ ನಕ್ಕರು. ಅವಳೂ ನಕ್ಕು, ಆಗಲಿ ಎಂದು ತಲೆಯಾಡಿಸಿ ಹೊರಟಳು.